ಟ್ರಾಮಿಗೆ ಬಾಗಿಲು, ಸಂಸಾರಕ್ಕೆ ಆರು ನಿಮಿಷ

ದೊಡ್ಡ ಆಟದ ಪಾರ್ಕಿಗೆ ಹೋದವರಿಗೆ ಗೊತ್ತು, ಅಲ್ಲಿ ಮೊದಲು ಸಿಗುವುದು ಆಟವಲ್ಲ, ಬಿಸಿಲು. ಗಾಡಿ ನಿಲ್ಲಿಸುವ ಬಯಲು ಒಂದು ತುದಿಗೆ, ಪಾರ್ಕಿನ ಗೇಟು ಇನ್ನೊಂದು ತುದಿಗೆ. ನಡುವೆ ಒಂದೂವರೆ ಕಿಲೋಮೀಟರು ಕಾದ ಡಾಂಬರು. ಕಂಕುಳಲ್ಲಿ ಕೂಸು, ಕೈಯಲ್ಲಿ ನೀರಿನ ಬಾಟಲಿ, ಹಿಂದೆ "ಇನ್ನೂ ಎಷ್ಟು ದೂರ" ಎಂದು ರಾಗ ಎಳೆಯುವ ಮಕ್ಕಳು. ಹೀಗೆ ಬೆಂದು ಹೋಗುತ್ತಿರುವಾಗ ಗಂಟೆ ಬಾರಿಸುತ್ತ ಟ್ರಾಮು ಬಂದರೆ ಯಾರು ತಾನೇ ಬೇಡ ಎಂದಾರು?

ಟ್ರಾಮೆಂದರೆ ರೈಲೂ ಅಲ್ಲ, ಬಸ್ಸೂ ಅಲ್ಲ. ಮುಂದೊಂದು ಎಳೆಯುವ ಬಂಡಿ, ಹಿಂದೆ ನಾಲ್ಕು ಡಬ್ಬಿ, ಡಬ್ಬಿಯೊಳಗೆ ಸಾಲು ಸಾಲು ಬೆಂಚು. ಮೇಲೆ ಚಾವಣಿ ಇದೆ. ಪಕ್ಕಕ್ಕೆ? ಪಕ್ಕಕ್ಕೆ ಬರೀ ಗಾಳಿ. ಒಂದೊಂದು ಬೆಂಚಿನ ತುದಿಗೂ ಒಂದೊಂದು ತೆಳು ಸರಪಳಿ ನೇತಾಡುತ್ತದೆ. ಅದನ್ನು ಕೊಕ್ಕೆಗೆ ಸಿಕ್ಕಿಸಿದವರನ್ನು ಕಂಡವರಿಲ್ಲ.

ಆ ಟ್ರಾಮನ್ನು ಹನ್ನೊಂದು ವರ್ಷದಿಂದ ಓಡಿಸುತ್ತಿದ್ದವನನ್ನು ಎಲ್ಲರೂ ಮೆಲ್ಲಗಣ್ಣ ಎಂದು ಕರೆಯುತ್ತಿದ್ದರು. ಹತ್ತುವವರಿಗೂ "ಮೆಲ್ಲಗೆ", ಇಳಿಯುವವರಿಗೂ "ಮೆಲ್ಲಗೆ", ಅಡ್ಡ ಬಂದ ನಾಯಿಗೂ "ಮೆಲ್ಲಗಪ್ಪಾ". ಹನ್ನೊಂದು ವರ್ಷದಲ್ಲಿ ಒಬ್ಬರಿಗೂ ಗೀರು ಬಿದ್ದಿಲ್ಲ ಎಂಬುದು ಅವನ ಹೆಮ್ಮೆ. ಅವನಿಗೆ ತಿಳಿದಂತೆ ಬಿದ್ದಿಲ್ಲ, ಅಷ್ಟೇ.

ಅವನ ಹೆಂಡತಿಯೂ ಅದೇ ಪಾರ್ಕಿನಲ್ಲಿ ಕೆಲಸಕ್ಕಿದ್ದಳು. ಅವಳದು ತೂಗುದೋಣಿ. ಆಕಾಶಕ್ಕೆ ಹಾರಿ ಹೊಟ್ಟೆ ಕಲಸುವಂತೆ ಇಳಿಯುವ ದೊಡ್ಡ ದೋಣಿ. ಕೂತವರ ತೊಡೆಯ ಮೇಲೆ ಕಬ್ಬಿಣದ ಅಡ್ಡಪಟ್ಟಿ ಇಳಿಸಿ, ಅದು ಕಚಕ್ಕೆಂದು ಬೀಗ ಬಿತ್ತೋ ಇಲ್ಲವೋ ಎಂದು ಒಂದೊಂದನ್ನೂ ಕೈಯಿಂದ ಎಳೆದು ನೋಡುವುದು ಅವಳ ಕೆಲಸ. ನಲವತ್ತೆಂಟು ಪಟ್ಟಿ. ನಲವತ್ತೆಂಟೂ ಬಿಗಿಯಾಗಿವೆ ಎಂದು ಅವಳು ಕೈ ಎತ್ತದೆ ದೋಣಿ ಅಲ್ಲಾಡುವಂತಿಲ್ಲ.

ಗಂಡ ಬೆಳಗಿನ ಪಾಳಿ, ಹೆಂಡತಿ ಮಧ್ಯಾಹ್ನದ ಪಾಳಿ. ಬೇಕೆಂದೇ ಹಾಗೆ ಮಾಡಿಕೊಂಡಿದ್ದರು. ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ, ಯಾರಾದರೊಬ್ಬರು ಇರಬೇಕಲ್ಲ? ಅವನು ಹೊರಡುವಾಗ ಹೆಂಡತಿ ನಿದ್ದೆಯಲ್ಲಿರುತ್ತಿದ್ದಳು. ಅವಳು ಬರುವಾಗ ಅವನು ನಿದ್ದೆಯಲ್ಲಿರುತ್ತಿದ್ದ. ಒಂದೇ ದಿಂಬಿನ ಮೇಲೆ ಸರದಿಯಲ್ಲಿ ಮಲಗಿದಂತೆ. ವಾರದ ರಜೆಯೂ ಬೇರೆ ಬೇರೆ ದಿನ. ಆ ದಿನಗಳನ್ನು ಬಟ್ಟೆ ಒಗೆಯುವುದು, ಮಗಳ ಕೆಮ್ಮು, ಸೋರುವ ನಲ್ಲಿ, ಇವೇ ತಿಂದುಹಾಕುತ್ತಿದ್ದವು. ಗಂಡಹೆಂಡಿರ ಮಾತೆಲ್ಲ ಪಾತ್ರೆಯ ಮುಚ್ಚಳದ ಕೆಳಗೆ ಇಟ್ಟ ಚೀಟಿಯಲ್ಲಿ. "ಮಗುವಿಗೆ ಔಷಧಿ ಕೊಟ್ಟೆ." "ಅಂಗಿಯ ಗುಂಡಿ ಹಾಕಿದ್ದೇನೆ."

ಹಾಗಾದರೆ ಅವರು ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಯಾವಾಗ?

ದಿನಾ ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ. ಅವನು ಮನೆಗೆ ಬರುವವರೆಗೆಂದು ಎದುರುಮನೆ ಅಜ್ಜಿಯ ಮಡಿಲಿಗೆ ಮಗಳನ್ನು ಹಾಕಿ, ಬಸ್ಸಿಳಿದು, ಅವಳು ಅವನ ಟ್ರಾಮು ಹತ್ತುತ್ತಿದ್ದಳು. ಮೊದಲ ಡಬ್ಬಿ, ಮೊದಲ ಬೆಂಚು, ಅವನ ಬೆನ್ನ ಹಿಂದೆ. ಬಯಲಿನ ತುದಿಯಿಂದ ಕೆಲಸದವರ ಗೇಟಿನ ತಿರುವಿನವರೆಗೆ ಆರು ನಿಮಿಷ. ಅವನು ತಿರುಗುವಂತಿಲ್ಲ, ರಸ್ತೆ ನೋಡಬೇಕು. ಅವಳು ಅವನ ಕತ್ತಿಗೆ ಮಾತಾಡುತ್ತಿದ್ದಳು.

"ರೀ, ಕಿವಿ ಹಿಂದೆ ಒಂದು ಬಿಳಿ ಕೂದಲು ಬಂದಿದೆ."

"ಕಿತ್ತು ಹಾಕು."

"ಇರಲಿ ಬಿಡಿ. ನಾನೊಬ್ಬಳೇ ನೋಡೋದು."

ಅವನೂ ಕಳ್ಳ. ಹಿಂದಿನ ಡಬ್ಬಿಗಳನ್ನು ನೋಡಲೆಂದು ಕೊಟ್ಟಿದ್ದ ಕನ್ನಡಿಯನ್ನು ಇಷ್ಟೇ ಇಷ್ಟು ಒಳಗೆ ತಿರುಗಿಸಿ ಇಟ್ಟುಕೊಂಡಿದ್ದ. ಅದರಲ್ಲಿ ಡಬ್ಬಿಗಳು ಕಾಣುತ್ತಿರಲಿಲ್ಲ. ಅವಳ ಮುಖ ಕಾಣುತ್ತಿತ್ತು.

ತಿರುವಿನಲ್ಲಿ ನಿಲುಗಡೆ ಇಲ್ಲ. ಆದರೆ ಕೆಲಸದವರ ಗೇಟು ಅಲ್ಲೇ. ಮುಂದೆ ದೊಡ್ಡ ಗೇಟಿಗೆ ಹೋಗಿ ಇಳಿದರೆ ಅಷ್ಟೂ ದೂರ ವಾಪಸ್ಸು ನಡೆಯಬೇಕು, ಹಾಜರಿಯ ಯಂತ್ರಕ್ಕೆ ಬೆರಳು ಒತ್ತುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೇ ಒಂದು ಪದ್ಧತಿ ಬೆಳೆದಿತ್ತು. ತಿರುವಿನಲ್ಲಿ ಚಾಲಕರು ಕಾಲೆತ್ತಿ ವೇಗ ಇಳಿಸುವುದು, ಕೆಲಸದವರು ಚಂಗನೆ ಇಳಿದುಬಿಡುವುದು. ಹೊಸಬರಿಗೆ ಹಳಬರು ಕಲಿಸುತ್ತಿದ್ದರು: "ಎಡಗಾಲು ಮೊದಲು, ನಾಲ್ಕು ಹೆಜ್ಜೆ ಓಡು." ದೋಣಿಯಲ್ಲಿ ನಲವತ್ತೆಂಟು ಪಟ್ಟಿ ಎಳೆದು ನೋಡುವ ಹೆಂಗಸು ದಿನಾ ಓಡುವ ಟ್ರಾಮಿನಿಂದ ನೆಗೆಯುತ್ತಿದ್ದಳು. ಇದು ತಮಾಷೆ ಅಂತ ಯಾರಿಗೂ ಅನಿಸಿರಲಿಲ್ಲ.

ಹೀಗಿರುವಾಗ ವರ್ಕ್‌ಶಾಪಿನ ಸ್ಪ್ಯಾನರಕ್ಕ ಅಳತೆಪಟ್ಟಿ ಹಿಡಿದುಕೊಂಡು ಬಂದಳು. ಅವಳು ಪಾರ್ಕಿನ ಫಿಟ್ಟರು. ಸ್ಪ್ಯಾನರು ಸೊಂಟದಲ್ಲಿಲ್ಲದೆ ಅವಳನ್ನು ನೋಡಿದವರಿಲ್ಲ. ಚಹಾ ಕುಡಿಯುತ್ತ ಕುಳಿತಿದ್ದ ಚಾಲಕರ ಮುಂದೆಯೇ ಬೆಂಚಿನ ತುದಿ ಅಳೆಯತೊಡಗಿದಳು.

"ಏನಕ್ಕ, ಟ್ರಾಮಿಗೆ ಅಂಗಿ ಹೊಲಿಸ್ತಿದ್ದೀಯಾ?" ಎಂದ ಇನ್ನೊಬ್ಬ ಚಾಲಕ. ಎಲ್ಲದಕ್ಕೂ ಗೊಣಗುವವನಾದ್ದರಿಂದ ಅವನನ್ನು ಗೊಣಗಪ್ಪ ಎನ್ನುತ್ತಿದ್ದರು.

"ಬಾಗಿಲು. ಪ್ರತಿ ಬೆಂಚಿಗೂ ಎದೆ ಮಟ್ಟದ ಬಾಗಿಲು. ಚಿಲಕ ಹೊರಗಡೆ. ಎಲ್ಲಾ ಬಾಗಿಲೂ ಹಾಕದೆ ಇದ್ರೆ ನಿಮ್ಮ ಮುಂದೆ ಹಸಿರು ದೀಪ ಹತ್ತಲ್ಲ, ಬಂಡಿ ಹೊರಡಲ್ಲ."

"ಹೊರಡಲ್ವಾ? ಹಾಗಾದ್ರೆ ಒಳ್ಳೇದು, ನಾನು ಮಲಗ್ತೀನಿ."

ಎಲ್ಲರೂ ನಕ್ಕರು. ಮೆಲ್ಲಗಣ್ಣ ನಗಲಿಲ್ಲ. "ಬಾಗಿಲು ಬಂದ್ರೆ ತಿರುವಲ್ಲಿ ಕೆಲಸದವರು ಇಳಿಯೋದು ಹ್ಯಾಗೆ?" ಎಂದು ಕೇಳಿದ.

"ಇಳಿಯೋ ಹಾಗಿಲ್ಲ. ಓಡ್ತಾ ಬಾಗಿಲು ತೆಗೆದ್ರೆ ಬಂಡಿ ನಿಂತು ಹೋಗುತ್ತೆ. ಕೆಲಸದವರು ಟ್ರಾಮು ಹತ್ತೋ ಹಾಗಿಲ್ಲ, ಬೇಲಿ ಪಕ್ಕದ ದಾರೀಲಿ ನಡ್ಕೊಂಡು ಹೋಗ್ಬೇಕು."

ಅವನ ಬಾಯಲ್ಲಿದ್ದ ಚಹಾ ಕಹಿಯಾಯಿತು. ಆರು ನಿಮಿಷ ಹೋಯಿತು ಎಂದುಕೊಂಡ.

ಬಾಗಿಲು ಬೇಕೆಂದು ಸ್ಪ್ಯಾನರಕ್ಕ ಮೇಲಿನವರಿಗೆ ಬರೆದಿದ್ದಳು, ಆದರೆ ಮ್ಯಾನೇಜರಿಗೂ ಅದು ಬೇಕಿರಲಿಲ್ಲ. ಖರ್ಚು ಎಂದರೆ ಅವರಿಗೆ ಜ್ವರ ಬರುತ್ತಿತ್ತು. ಆದರೆ ಬೇಡ ಎಂದು ತಾವು ಹೇಳಿದರೆ ಕೆಟ್ಟವರಾಗುತ್ತಾರಲ್ಲ? ಅದಕ್ಕೆ ಚಾಲಕರನ್ನು ಕರೆದು ಬಹಳ ಪ್ರೀತಿಯಿಂದ ಹೇಳಿದರು: "ಗಾಡಿ ಓಡಿಸೋರು ನೀವು. ನಿಮಗೇ ಬೇಡ ಅನಿಸಿದ್ರೆ ಒಂದು ಕಾಗದ ಬರೆದು ಕೊಡಿ. ನಾನು ಮೇಲಿನವರಿಗೆ ಹೇಳ್ತೀನಿ."

ಕಾಗದ ಬರೆದವನು ಮೆಲ್ಲಗಣ್ಣ. ಬಾಗಿಲು ಹಾಕಿ ತೆಗೆಯಲು ಪ್ರತಿ ಸುತ್ತಿಗೂ ಒಂದೂವರೆ ನಿಮಿಷ ತಡ, ಬಿಸಿಲಲ್ಲಿ ನಿಂತ ಜನರಿಗೆ ತೊಂದರೆ, ಗಾಳಿ ಬರುವುದಿಲ್ಲ, ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ. ಐದೂ ಜನ ಚಾಲಕರು ಸಹಿ ಹಾಕಿದರು. ಗೊಣಗಪ್ಪ ಸಹಿಯ ಕೆಳಗೆ ಎರಡು ಗೆರೆ ಬೇರೆ ಎಳೆದ. ಆದರೆ ನಿಜವಾದ ಕಾರಣ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಮಾರನೆಯ ದಿನ ಪಾರ್ಕು ತೆರೆಯುವ ಮುಂಚೆ ಸ್ಪ್ಯಾನರಕ್ಕ ಅವನನ್ನು ಹಿಡಿದಳು.

"ಬಾ ಮೆಲ್ಲಗಣ್ಣ, ಇವತ್ತು ನಾನು ಓಡಿಸ್ತೀನಿ. ನೀನು ಕೊನೇ ಡಬ್ಬೀಲಿ ಕೂತ್ಕೋ."

"ನಾನ್ಯಾಕೆ ಅಲ್ಲಿ ಕೂರ್ಲಿ? ನಾನು ಚಾಲಕ."

"ಹನ್ನೊಂದು ವರ್ಷದಲ್ಲಿ ಒಂದು ಸಲ ಕೂತಿದ್ದೀಯಾ?"

ಯೋಚಿಸಿದ. ಕೂತಿರಲಿಲ್ಲ. ಅಡುಗೆ ಮಾಡಿದವಳಿಗೆ ಉಪ್ಪಿನ ರುಚಿ ಗೊತ್ತಿರುತ್ತದೆ, ತಾನು ಎಳೆದ ಡಬ್ಬಿಯ ರುಚಿ ಅವನಿಗೆ ಗೊತ್ತಿರಲಿಲ್ಲ.

ಅವಳು ಒಂದು ಮರಳಿನ ಚೀಲ ತಂದು ಅವನ ಪಕ್ಕ, ಬೆಂಚಿನ ತುದಿಗೆ ಕೂರಿಸಿದಳು. "ಹದಿನೈದು ಕಿಲೋ. ನಿನ್ನ ಮಗಳಷ್ಟೇ ತೂಕ. ನೋಡ್ಕೊಂಡಿರು" ಎಂದು ಹೋಗಿ ಬಂಡಿ ಹೊರಡಿಸಿದಳು. ಅವನು ಓಡಿಸುವಷ್ಟೇ ವೇಗ. ನೇರ ರಸ್ತೆಯಲ್ಲಿ ತೊಟ್ಟಿಲಿನಂತೆ ಹಾಯಾಗಿತ್ತು. ತಿರುವು ಬಂತು. ಮುಂದಿನ ಬಂಡಿ ಮೆಲ್ಲಗೇ ತಿರುಗಿತು. ಹಿಂದಿನ ಡಬ್ಬಿಗೆ ಯಾರೋ ಬಾಲ ಹಿಡಿದು ಜಾಡಿಸಿದಂತಾಯಿತು. ಮೆಲ್ಲಗಣ್ಣ ಕಂಬ ಹಿಡಿದುಕೊಂಡ. ಮರಳಿನ ಚೀಲ ಬೆಂಚಿನ ಮೇಲೆ ಜಾರಿ, ಬಲಗಡೆಯಿಂದ ಧೊಪ್ಪೆಂದು ರಸ್ತೆಗೆ ಬಿತ್ತು.

ಬಂಡಿ ನಿಲ್ಲಿಸಿ ಅವಳು ಬಂದಳು. "ನಂಗೆ ಮುಂದೆ ಏನೂ ಗೊತ್ತಾಗ್ಲಿಲ್ಲ. ನಿಂಗೆ?"

"ಮರಳಿನ ಚೀಲಕ್ಕೆ ಕೈ ಇಲ್ಲ, ಹಿಡ್ಕೊಳ್ಳೋಕೆ. ಮನುಷ್ಯರಿಗೆ ಕೈ ಇದೆ" ಎಂದ ಅವನು. ಆದರೆ ಅವನ ಕೈ ಇನ್ನೂ ಕಂಬವನ್ನು ಬಿಟ್ಟಿರಲಿಲ್ಲ.

"ಆಯ್ತಪ್ಪಾ, ಕೈ ಇದೆ. ಈಗ ಇದನ್ನ ನೋಡು." ಅವಳು ಸೀಮೆಸುಣ್ಣ ತೆಗೆದು ಮುಂದಿನ ಬಂಡಿಯ ಚಕ್ರ ಹೋದ ಜಾಡಿಗೆ ಒಂದು ಗೆರೆ ಎಳೆದಳು. ಕೊನೆಯ ಡಬ್ಬಿಯ ಚಕ್ರ ಹೋದ ಜಾಡಿಗೆ ಇನ್ನೊಂದು. ಎರಡು ಗೆರೆಗಳ ನಡುವೆ ಒಂದೂವರೆ ಮೊಳ ಅಂತರ. ಹಿಂದಿನ ಡಬ್ಬಿ ಎಡಕ್ಕೆ, ತಿರುವಿನ ಒಳಮಗ್ಗುಲಿಗೆ ಕತ್ತರಿಸಿಕೊಂಡು ಬಂದಿತ್ತು. "ಕೆಲಸದವರು ಇಳಿದು ನಾಲ್ಕು ಹೆಜ್ಜೆ ಓಡೋದು ಎಲ್ಲಿ? ಇಲ್ಲೇ ತಾನೇ? ಎಡವಿದ್ರೆ ಬೀಳೋದು ಎಲ್ಲಿ? ಈ ಗೆರೆ ಮೇಲೆ. ಮುಂದೆ ಕೂತ ನಿಂಗೆ ಬಿದ್ದವರ ಸದ್ದೂ ಕೇಳಲ್ಲ."

ಅವನಿಗೆ ಕೋಪ ಬಂತು. ತಪ್ಪು ಗೊತ್ತಾದಾಗ ಮೊದಲು ಬರುವುದು ಅದೇ.

"ನಿಂಗೇನಕ್ಕ, ಸಂಜೆ ಆದ್ರೆ ಗಂಡನ ಜೊತೆ ಕೂತು ಉಣ್ತೀಯ. ನನ್ನ ಹೆಂಡ್ತಿ ಮುಖ ನಾನು ನೋಡೋದು ದಿನಕ್ಕೆ ಆರು ನಿಮಿಷ. ಅದಕ್ಕೂ ಚಿಲಕ ಹಾಕೋಕೆ ಬಂದಿದ್ದೀಯಲ್ಲ!"

ಸ್ಪ್ಯಾನರಕ್ಕ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡಳು. ಜಗಳಕ್ಕೆ ಬಂದವಳ ಮುಖ ಹೋಗಿ ಅಕ್ಕನ ಮುಖ ಬಂತು. "ಇದಾ ವಿಷಯ. ಮೊದಲೇ ಹೇಳ್ಬಾರ್ದಾ? ಪಾಳಿ ಬದಲಾಯಿಸಿ ಅಂತ ಕೇಳೋಣ, ತಿರುವಲ್ಲಿ ಸರಿಯಾದ ನಿಲುಗಡೆ ಕೊಡಿ ಅಂತ ಕೇಳೋಣ. ಅದು ಬಿಟ್ಟು ನಿನ್ನ ಆಸೆಗೆ ಊರ ಮಕ್ಕಳನ್ನ ಅಂಚಲ್ಲಿ ಕೂರಿಸ್ತೀಯಾ?"

"ಯಾರಿಗೂ ಏನೂ ಆಗಿಲ್ಲ" ಎಂದು ಅವನು ಹೊರಟುಹೋದ.

ಅದಾಗಿ ಎರಡನೇ ದಿನ ಶನಿವಾರ. ಟ್ರಾಮು ತುಂಬಿ ತುಳುಕುತ್ತಿತ್ತು. ಆದರೂ ಮೊದಲ ಬೆಂಚಿನ ತುದಿಯನ್ನು ಅವನು ತನ್ನ ಟವೆಲು ಹಾಕಿ ಕಾದಿಟ್ಟಿದ್ದ. ಹೆಂಡತಿ ಓಡಿ ಬಂದು ಕೂತಳು.

"ಇವತ್ತು ನಿಮ್ಮ ಮಗಳು ಏನಂದಳು ಗೊತ್ತಾ? ಅಪ್ಪ ಹಗಲಲ್ಲಿ ಎಲ್ಲಿ ಇರ್ತಾರೆ ಅಂತ ಕೇಳಿದೆ. ಟ್ರಾಮಲ್ಲಿ ಅಂದಳು. ಅಮ್ಮ ಸಂಜೆ ಎಲ್ಲಿ ಇರ್ತಾಳೆ? ದೋಣೀಲಿ ಅಂದಳು. ಹಾಗಾದ್ರೆ ಅಪ್ಪ ಅಮ್ಮ ಒಟ್ಟಿಗೆ ಎಲ್ಲಿ ಇರ್ತಾರೆ ಅಂದೆ."

"ಏನಂದಳು?"

"ಫೋಟೋದಲ್ಲಿ ಅಂದಳು."

ಕನ್ನಡಿಯಲ್ಲಿ ಅವಳು ನಗುತ್ತಿದ್ದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ. ಅವನಿಗೆ ಏನಾದರೂ ಹೇಳಬೇಕೆನಿಸಿತು. ಒಂದು ದಿನ ಇಬ್ಬರೂ ರಜೆ ಹಾಕೋಣ, ಮೂರೂ ಜನ ಸುಮ್ಮನೆ ಚಾಪೆ ಹಾಸಿಕೊಂಡು ಬಿದ್ದುಕೊಳ್ಳೋಣ ಎನ್ನಬೇಕೆನಿಸಿತು. ಮಾತು ನಾಲಗೆಗೆ ಬರುವಷ್ಟರಲ್ಲಿ ತಿರುವು ಬಂತು. ಎಷ್ಟು ಮೆಲ್ಲಗೆ ಓಡಿಸಿದರೂ ಆ ತಿರುವು ಬೇಗನೆ ಬಂದುಬಿಡುತ್ತಿತ್ತು.

"ಬರ್ತೀನಿ ರೀ" ಎಂದಳು. ಎಡಗಾಲು ಮೊದಲು. ಇಳಿದಳು.

ಅವನು ವೇಗ ಹೆಚ್ಚಿಸಿದ. ಕನ್ನಡಿಯಲ್ಲಿ ಖಾಲಿ ಬೆಂಚಿತ್ತು. ದೊಡ್ಡ ಗೇಟಿನವರೆಗೂ ಆ ಖಾಲಿ ಬೆಂಚನ್ನೇ ನೋಡಿಕೊಂಡು ಹೋದ. ಗಂಟೆ ಬಾರಿಸಿದ. "ಮೆಲ್ಲಗೆ ಇಳೀರಿ, ಮೆಲ್ಲಗೆ" ಎಂದ. ಆಗ ಮೂರನೇ ಡಬ್ಬಿಯಿಂದ ಒಬ್ಬ ಗಂಡಸು ಓಡಿ ಬಂದು ಅವನ ಕಾಲರು ಹಿಡಿದ.

"ಅಷ್ಟು ಕೂಗಿದ್ರೂ ನಿಲ್ಲಿಸಲಿಲ್ವಲ್ಲೋ! ನನ್ನ ತಂಗಿ ಕೂಸು ಎತ್ಕೊಂಡು ಅಲ್ಲಿ ಬಿದ್ದಿದ್ದಾಳೆ!"

ನಡೆದದ್ದು ಇಷ್ಟು. ಮೂರನೇ ಡಬ್ಬಿಯ ಅಂಚಿನಲ್ಲಿ ಒಬ್ಬ ತಾಯಿ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಕೂತಿದ್ದಳು. ಈ ಪಾರ್ಕಿಗೆ ಅವಳು ಬಂದದ್ದು ಅದೇ ಮೊದಲು. ಮುಂದಿನ ಡಬ್ಬಿಯಿಂದ ಒಬ್ಬ ಹೆಂಗಸು ಸಲೀಸಾಗಿ ಇಳಿದುಹೋದದ್ದು ಕಂಡಿತು. ಓಹೋ, ಇಳಿಯುವ ಜಾಗ ಇದೇ ಎಂದುಕೊಂಡಳು. ತಡೆಯಲು ಬಾಗಿಲಿಲ್ಲ. ಅವಳೂ ಕಾಲಿಟ್ಟಳು. ಎಡಗಾಲು ಮೊದಲು, ನಾಲ್ಕು ಹೆಜ್ಜೆ ಓಡು ಎಂದು ಅವಳಿಗೆ ಕಲಿಸಿದವರು ಯಾರು? ಮಗುವಿನ ಸಮೇತ ಮುಗ್ಗರಿಸಿ ಬಿದ್ದಳು, ಸ್ಪ್ಯಾನರಕ್ಕ ಗೆರೆ ಎಳೆದಿದ್ದ ಜಾಗದ ಮೇಲೆ. ಹಿಂದಿನಿಂದ ನಾಲ್ಕನೇ ಡಬ್ಬಿ ಒಳಕ್ಕೆ ಕತ್ತರಿಸಿಕೊಂಡು ಬರುತ್ತಿತ್ತು.

ಮೆಲ್ಲಗಣ್ಣನ ಹೆಂಡತಿ ಸದ್ದು ಕೇಳಿ ತಿರುಗಿದಳು. ಎರಡೇ ಜಿಗಿತ. ಒಂದು ಕೈಯಲ್ಲಿ ತಾಯಿಯ ಸೆರಗು, ಇನ್ನೊಂದರಲ್ಲಿ ಮಗುವಿನ ಅಂಗಿ ಹಿಡಿದು ಹುಲ್ಲಿನ ಕಡೆಗೆ ಎಳೆದಳು. ತಾಯಿ ಬಂದಳು, ಮಗು ಬಂತು. ಎಳೆದವಳ ಬಲಗೈ ಮಾತ್ರ ಹಿಂದೆ ಉಳಿಯಿತು. ಡಬ್ಬಿಯ ಮೆಟ್ಟಿಲು ಅದಕ್ಕೆ ಬಡಿದುಕೊಂಡು ಹೋಯಿತು. ಆ ಡಬ್ಬಿಯನ್ನು ಎಳೆಯುತ್ತಿದ್ದವನು ಅವಳ ಗಂಡ. ಅವಳು ರಸ್ತೆಯಲ್ಲಿ ಬಿದ್ದಿದ್ದಾಗ ಅವನು ಅವಳು ಕೂತೆದ್ದ ಖಾಲಿ ಬೆಂಚನ್ನು ಕನ್ನಡಿಯಲ್ಲಿ ನೋಡುತ್ತ ಹೋಗುತ್ತಿದ್ದ.

ಪ್ರಥಮ ಚಿಕಿತ್ಸೆಯ ಕೋಣೆಗೆ ಅವನು ಓಡಿ ಬಂದಾಗ ಮಗು ಅಳು ನಿಲ್ಲಿಸಿ ನರ್ಸಮ್ಮನ ಪೆನ್ನು ಕಚ್ಚುತ್ತಿತ್ತು. ತಾಯಿಯ ಮೊಣಕಾಲಿಗೆ ಪಟ್ಟಿ ಸುತ್ತಿದ್ದರು. ಹೆಂಡತಿಯ ಕೈ ಎರಡು ಮರದ ಪಟ್ಟಿಗಳ ನಡುವೆ ಇತ್ತು. ಮೂಳೆ ಎರಡು ಕಡೆ ಮುರಿದಿತ್ತು.

"ನೋವಾ?" ಎಂದ. ಎಂಥ ಪ್ರಶ್ನೆ! ಬೇರೆ ಏನೂ ಹೊಳೆಯಲಿಲ್ಲ.

"ಅವಳು ನನ್ನ ನೋಡಿ ಇಳಿದಳು ಕಣ್ರೀ" ಎಂದಳು ಅವಳು. "ನಾನು ಇಳಿದದ್ದು ನೋಡಿ ಇಳಿದಳು. ದಿನಾ ನಲವತ್ತೆಂಟು ಪಟ್ಟಿ ಎಳೆದು ನೋಡ್ತೀನಿ. ಒಂದು ಸಡಿಲ ಇದ್ರೂ ದೋಣಿ ಬಿಡಲ್ಲ. ನಿಮ್ಮ ಟ್ರಾಮಲ್ಲಿ ನಾನೇ ಸಡಿಲ ಪಟ್ಟಿ ಆಗ್ಬಿಟ್ಟೆ."

"ತಪ್ಪು ನಿಂದಲ್ಲ. ಕನ್ನಡಿ ನಾನು ತಿರುಗಿಸಿದ್ದು. ನಿನ್ನ ನೋಡೋಕೆ."

"ನಂಗೆ ಗೊತ್ತಿತ್ತು."

"ಗೊತ್ತಿತ್ತಾ?"

"ಕನ್ನಡೀಲಿ ನಿಮ್ಮ ಕಣ್ಣು ನಂಗೆ ಕಾಣ್ತಿರಲಿಲ್ವಾ? ಗೊತ್ತಿದ್ದೂ ಸುಮ್ಮನಿದ್ದೆ. ನಂಗೂ ಬೇಕಿತ್ತು." ಅವಳು ಎಡಗೈಯಲ್ಲಿ ಕಣ್ಣು ಒರೆಸಿಕೊಂಡಳು. "ಈಗ್ಲೂ ಬೇಕು. ಆದ್ರೆ ಆ ಕೂಸಿನ ಅಂಗಿ ಹರಿದಿದ್ರೆ? ನನ್ನ ಕೈಗೆ ಬರೀ ಬಟ್ಟೆ ಬಂದಿದ್ರೆ?"

ಅವನು ತಿರುಗಿ ಆ ಕೂಸಿನ ಅಂಗಿಯನ್ನು ನೋಡಿದ.

ನರ್ಸಮ್ಮ ಪೆನ್ನನ್ನು ಮಗುವಿನ ಬಾಯಿಂದ ಬಿಡಿಸಿಕೊಳ್ಳುತ್ತ ಹೇಳಿದಳು: "ಮೆಲ್ಲಗಣ್ಣ, ಯಾರಿಗೂ ಏನೂ ಆಗಿಲ್ಲ ಅಂತ ಬರೆದಿದ್ದೀಯಂತೆ. ಈ ವರ್ಷ ಟ್ರಾಮಿಂದ ಬಿದ್ದು ಬಂದ ಒಂಬತ್ತು ಜನಕ್ಕೆ ನಾನು ಪಟ್ಟಿ ಕಟ್ಟಿದ್ದೀನಿ. ಒಂದು ಹುಡುಗಿ ಹಲ್ಲು ಮುರ್ಕೊಂಡಿದ್ಲು. ಎಲ್ರೂ ಹಿಂದಿನ ಡಬ್ಬಿಯವರು. ಬಂದ ದಿನ ಹಾಳಾಗೋದು ಬೇಡ ಅಂತ ಯಾರೂ ದೂರು ಕೊಡಲ್ಲ, ಅಷ್ಟೇ."

ಅವನು ನೇರ ಮ್ಯಾನೇಜರ ಕೋಣೆಗೆ ಹೋದ. ಮ್ಯಾನೇಜರು ಆಗಲೇ ತಮ್ಮ ಮಾತು ಹೊಂದಿಸಿಕೊಂಡಿದ್ದರು. "ಆ ಹೆಂಗಸಿನದೇ ತಪ್ಪು. ಗಾಡಿ ನಿಲ್ಲೋಕೆ ಮುಂಚೆ ಇಳಿದ್ರೆ ನಾವೇನು ಮಾಡೋಕಾಗುತ್ತೆ? ಬಾಗಿಲು ಬೇಡ ಅಂತ ನೀವೇ ಬರೆದು ಕೊಟ್ಟಿದ್ದೀರಿ, ಇಲ್ಲಿದೆ ನೋಡಿ."

ನೋಡಿ, ಕಾಗದ ಎಂಥ ಕೆಲಸಕ್ಕೆ ಬರುತ್ತದೆ! ಬಡವನ ಸಹಿ ದೊಡ್ಡವರಿಗೆ ಕೊಡೆ. ಮಳೆ ಬಂದಾಗ ಬಿಚ್ಚುತ್ತಾರೆ.

"ಆ ಕಾಗದ ಸುಳ್ಳು ಸಾರ್" ಎಂದ ಮೆಲ್ಲಗಣ್ಣ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ದನಿ ಮೆಲ್ಲಗಿರಲಿಲ್ಲ. "ಜನರಿಗೆ ತೊಂದರೆ ಅಂತ ಬರೆದೆ. ಜನರಿಗಲ್ಲ, ನನಗೆ ತೊಂದರೆ ಆಗ್ತಿತ್ತು. ಹೆಂಡ್ತಿ ಮುಖ ನೋಡೋಕೆ ಕನ್ನಡಿ ತಿರುಗಿಸಿದ್ದೆ. ಅದಕ್ಕೆ ಏನು ಶಿಕ್ಷೆ ಕೊಡ್ತೀರೋ ಕೊಡಿ. ಆದ್ರೆ ದೋಣೀಲಿ ಕೂರೋರಿಗೆ ನಲವತ್ತೆಂಟು ಬೀಗ, ಟ್ರಾಮಲ್ಲಿ ಕೂರೋರಿಗೆ ಒಂದೂ ಇಲ್ಲ. ಹೆದರೋಕೆ ಅಂತ ಟಿಕೆಟ್ ತಗೊಂಡೋರಿಗೆ ಕಾವಲು, ನಂಬಿ ಕೂತೋರಿಗೆ ಬಟಾಬಯಲು. ಇದು ಯಾವ ನ್ಯಾಯ? ಬಾಗಿಲು ಹಾಕೋವರೆಗೆ ನಾನು ಬಂಡಿ ಮುಟ್ಟಲ್ಲ."

"ಒಬ್ಬ ಮುಟ್ಟದಿದ್ರೆ ಇನ್ನೂ ನಾಲ್ಕು ಜನ ಇದ್ದಾರೆ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಗೊಣಗಪ್ಪ. ಹಿಂದೆ ಉಳಿದ ಮೂವರು ಚಾಲಕರು, ಅವರ ಹಿಂದೆ ಸ್ಪ್ಯಾನರಕ್ಕ. "ನಾಲ್ಕು ಜನಕ್ಕೂ ಇವತ್ತು ಸೊಂಟ ನೋವು ಸಾರ್" ಎಂದ ಗೊಣಗಪ್ಪ. "ನನ್ನ ಸಹಿ ವಾಪಸ್ ಕೊಡಿ. ಕೆಳಗೆ ಎರಡು ಗೆರೆ ಇದೆ ನೋಡಿ, ಅದೇ ನಂದು."

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಇಲ್ಲಿ ಪುಣ್ಯಕ್ಕೆ ಕೊಳ್ಳೆ ಅರ್ಧಕ್ಕೆ ತಪ್ಪಿತ್ತು. ಮೇಲಿನವರು ಬಂದು ನೋಡಿದರು. ಸ್ಪ್ಯಾನರಕ್ಕ ಅವರನ್ನೂ ಕೊನೆಯ ಡಬ್ಬಿಯಲ್ಲಿ ಕೂರಿಸಿ ಒಂದು ಸುತ್ತು ಹೊಡೆಸಿದಳು. ಅವರು ಇಳಿದು ಅಂಗಿ ಸರಿಮಾಡಿಕೊಂಡು "ಬೇಗ ಮಾಡಿ" ಎಂದರು. ಕನ್ನಡಿಯ ತಪ್ಪಿಗೆ ಮೆಲ್ಲಗಣ್ಣನನ್ನು ಒಂದು ವಾರ ಮನೆಯಲ್ಲಿ ಕೂರಿಸಿದರು. ಅವನು ಬೇಸರ ಮಾಡಿಕೊಳ್ಳಲಿಲ್ಲ.

ಬೇಸರ ಹೇಗಾದೀತು? ಪ್ಲಾಸ್ಟರು ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಹೆಂಡತಿ ಮನೆಯಲ್ಲೇ ಇದ್ದಳು. ಅವನು ಅವಳ ತಲೆ ಬಾಚಿದ, ಜಡೆ ಹಗ್ಗದಂತಾಯಿತು. ಮಗಳು ಬಿದ್ದು ಬಿದ್ದು ನಕ್ಕಳು. ಕೆಲಸಕ್ಕೆ ಮರಳಿದ ಮೇಲೂ ಆರು ವಾರ ಸಂಜೆ ಮನೆಗೆ ಬಂದರೆ ಅವಳು ಬಾಗಿಲಲ್ಲಿ ಇರುತ್ತಿದ್ದಳು. ಮದುವೆಯಾದ ಮೇಲೆ ಅಷ್ಟು ದಿನ ಒಟ್ಟಿಗೆ ಉಂಡದ್ದು ಅದೇ ಮೊದಲು. ಮುರಿದ ಮೂಳೆ ಕೊಟ್ಟ ಸುಖ ಅದು. ಅದನ್ನು ನೆನೆದು ಅವನಿಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಮೂಳೆ ಮುರಿದರೆ ಮಾತ್ರ ಮನೆಯವರ ಮುಖ ಕಾಣುವುದು ಎಂಥ ಬದುಕು?

ಅವನು ಕೆಲಸಕ್ಕೆ ಮರಳುವಷ್ಟರಲ್ಲೇ ಟ್ರಾಮಿಗೆ ಬಾಗಿಲು ಬಂದಿದ್ದವು. ನೀಲಿ ಬಣ್ಣ, ಎದೆ ಮಟ್ಟ, ಮಗುವಿನ ಕೈ ಎಟುಕದ ಕಡೆ ಚಿಲಕ. ಮೊದಮೊದಲು ಜನ ಗೊಣಗಿದರು. "ಇದೇನು ಕುರಿ ದೊಡ್ಡೀನಾ?" ಎಂದರು. ಮೆಲ್ಲಗಣ್ಣ ಪ್ರತಿ ಡಬ್ಬಿಗೂ ಹೋಗಿ ತಾನೇ ಚಿಲಕ ಎಳೆದು ನೋಡುತ್ತಿದ್ದ. "ಕುರಿ ಕಳೆದ್ರೆ ಸಂತೇಲಿ ಇನ್ನೊಂದು ಸಿಗುತ್ತೆ ತಾಯಿ. ನಿಮ್ಮ ಮಗ ಸಿಗ್ತಾನಾ? ಕಾಲು ಒಳಗೆ ಇಡಿ" ಎನ್ನುತ್ತಿದ್ದ. ಹಸಿರು ದೀಪ ಹತ್ತಿದ ಮೇಲೆಯೇ ಗಂಟೆ. ಒಂದೂವರೆ ನಿಮಿಷ ತಡ ಎಂದು ಬರೆದಿದ್ದನಲ್ಲ? ಜನಕ್ಕೆ ರೂಢಿಯಾದ ಮೇಲೆ ಅರ್ಧ ನಿಮಿಷವೂ ಆಗಲಿಲ್ಲ.

ಪಾಳಿಯ ವಿಷಯ, ತಿರುವಿನ ನಿಲುಗಡೆಯ ವಿಷಯ ಅರ್ಜಿ ಕೊಟ್ಟರು. ಮ್ಯಾನೇಜರು "ನೋಡೋಣ" ಎಂದರು. ನೋಡೋಣ ಎಂದರೆ ಏನೆಂದು ನಿಮಗೂ ಗೊತ್ತು. ಸ್ಪ್ಯಾನರಕ್ಕ ಪ್ರತಿ ಸೋಮವಾರ ಹೋಗಿ "ನೋಡಿದ್ರಾ ಸಾರ್?" ಎಂದು ಕೇಳಿ ಬರುತ್ತಾಳೆ. ಇವತ್ತಿಗೂ ಬಿಟ್ಟಿಲ್ಲ.

ಪ್ಲಾಸ್ಟರು ಬಿಚ್ಚಿ ಹೆಂಡತಿ ಕೆಲಸಕ್ಕೆ ಹೊರಟ ಮೊದಲ ದಿನ. ಒಂದು ಗಂಟೆ ಇಪ್ಪತ್ತು. ಮೆಲ್ಲಗಣ್ಣ ಬಯಲಿನ ತುದಿಯಲ್ಲಿ ಟ್ರಾಮು ನಿಲ್ಲಿಸಿದ್ದ. ಅವಳು ಬಸ್ಸಿಳಿದಳು. ಅವನನ್ನು ನೋಡಿದಳು. ಹತ್ತಿರ ಬರಲಿಲ್ಲ. ಬೇಲಿ ಪಕ್ಕದ ದಾರಿ ಹಿಡಿದು ನಡೆದಳು. ನಡೆದು ಹೋಗಲೆಂದು ಮುಂಚಿನ ಬಸ್ಸಿಗೇ ಬಂದಿದ್ದಳು. ಅವನು ಜನ ಹತ್ತಿಸಿದ, ಚಿಲಕ ನೋಡಿದ, ಕಾದ. ಹಸಿರು ದೀಪ ಹತ್ತಿತು.

ಅರ್ಧ ದಾರಿಯಲ್ಲಿ ಟ್ರಾಮು ಅವಳನ್ನು ಹಿಂದೆ ಹಾಕಿತು. ಅವಳು ಬೇಲಿಯ ಆಚೆ, ಅವನು ಈಚೆ. ಮಾತಿಗೆ ಎಟುಕದಷ್ಟು ದೂರ. ಅವಳು ಬಲಗೈ ಎತ್ತಿದಳು. ಇನ್ನೂ ಪೂರ್ತಿ ಎತ್ತಲು ಬಾರದ ಕೈ, ಭುಜದವರೆಗೆ ಬಂತು. ಅವನು ಕಾಲೆತ್ತಲಿಲ್ಲ, ವೇಗ ಇಳಿಸಲಿಲ್ಲ. ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ಅವಳು ಹಿಂದಾದಳು. ಕನ್ನಡಿಯಲ್ಲಿ ಈಗ ನಾಲ್ಕು ಡಬ್ಬಿಗಳೂ ಕಾಣುತ್ತಿದ್ದವು. ಬಾಗಿಲ ಮೇಲೆ ಗದ್ದ ಊರಿ ಕೂತ ಮಕ್ಕಳು ಕಾಣುತ್ತಿದ್ದರು. ಅವುಗಳ ಆಚೆ ದೂರದಲ್ಲಿ ಬೇಲಿ ಹಿಡಿದು ನಡೆಯುತ್ತಿದ್ದ ಒಂದು ಚುಕ್ಕಿ. ತಿರುವು ಬಂತು. ಕೊನೆಯ ಡಬ್ಬಿ ಜಾಡಿಸಿತು. ಮಕ್ಕಳು ಹೋ ಎಂದು ಕೂಗಿ ಬಾಗಿಲಿಗೆ ಒರಗಿದರು. ಬಾಗಿಲು ಅವರನ್ನು ಹಿಡಿದುಕೊಂಡಿತು.

ಓದುತ್ತಿರುವ ಅಕ್ಕ, ಅಣ್ಣ, ಕೇಳಿ. ನೀವು ಹೋಗುವ ಪಾರ್ಕಿನಲ್ಲಿ, ಮೃಗಾಲಯದಲ್ಲಿ, ದೊಡ್ಡ ಬಯಲಿನಲ್ಲಿ ಹೀಗೆ ಪಕ್ಕ ತೆರೆದ ಬಂಡಿ ಓಡುತ್ತಿದ್ದರೆ ಸುಮ್ಮನೆ ಹತ್ತಬೇಡಿ. ಬಾಗಿಲು ಎಲ್ಲಿ ಎಂದು ಕೇಳಿ. ಬಾಯಿ ಬಿಟ್ಟು, ಎಲ್ಲರ ಮುಂದೆ ಕೇಳಿ. ಉತ್ತರ ಬರದಿದ್ದರೆ ಬರೆದು ಕೊಡಿ. ಬಿದ್ದರೆ, ಗೀರು ಬಿದ್ದರೂ ದೂರು ಕೊಡಿ. ನೀವು ಸುಮ್ಮನಿದ್ದರೆ "ಯಾರಿಗೂ ಏನೂ ಆಗಿಲ್ಲ" ಎಂದು ಬರೆಯುವವರು ತಯಾರಿರುತ್ತಾರೆ. ಬಾಗಿಲಿದ್ದರೆ ಹಾಕಿ, ಚಿಲಕ ಎಳೆದು ನೋಡಿ. ಮಕ್ಕಳನ್ನು ಅಂಚಿಗೆ ಬೇಡ, ನಡುವೆ ಕೂರಿಸಿ. ಬಂಡಿ ಪೂರ್ತಿ ನಿಲ್ಲುವವರೆಗೆ ಯಾರು ಇಳಿದರೂ ನೀವು ಇಳಿಯಬೇಡಿ. ಅಲ್ಲಿ ಕೆಲಸ ಮಾಡುವವರೇ, ನೀವಂತೂ ಮೊದಲೇ ಇಳಿಯಬೇಡಿ. ನಿಮ್ಮ ಕಾಲು ನೋಡಿ ಇನ್ನೊಬ್ಬರು ಕಾಲಿಡುತ್ತಾರೆ.

ಬಾಗಿಲು ಹಾಕುವ ಅರ್ಧ ನಿಮಿಷ ನಿಮಗೆ ಉದ್ದ ಅನಿಸಿದರೆ, ಗಂಡಹೆಂಡಿರಿಬ್ಬರು ದಿನಾ ಆರು ನಿಮಿಷ ಬಿಟ್ಟುಕೊಟ್ಟಿದ್ದಾರೆ, ನಿಮ್ಮ ಕೂಸಿಗಾಗಿ. ನೀವು ಅರ್ಧ ನಿಮಿಷ ಕೊಡಿ.